ಬಲಗಡೆಯ ಹಲಗೆ

ಶ್ರೀರಾಂಪುರ, ಮೈಸೂರು
14 ಸೆಪ್ಟೆಂಬರ್ 2025

ಪ್ರೀತಿಯ ಮಹದೇವನಿಗೆ,

ಸುದರ್ಶನ ಮಾಡುವ ನಮಸ್ಕಾರಗಳು. ಕೈ ನಡುಕ ಹೇಗಿದೆ? ಹೊಸ ಮಾತ್ರೆ ಹಿಡಿಸಿತೇ? ಕಂಪ್ಯೂಟರನ್ನೂ ಆಟವನ್ನೂ ನಿನ್ನ ಮಗಳು ಹರ್ಷಿತಾಳ ಕೈಗೆ ಕೊಟ್ಟ ದಿನವೇ ಈ ಪತ್ರವನ್ನೂ ಕೊಡಬೇಕಿತ್ತು. ಇಪ್ಪತ್ತು ದಿನ ತಡವಾಯಿತು, ಕ್ಷಮಿಸು. ಕೆಲಸವಿತ್ತು, ಜ್ವರವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬೇಕೆಂದೇ ತಡಮಾಡಿದೆ. ಬೋಗಾದಿಯ ನಿನ್ನ ಮನೆಗೆ ಬಂದು ಎದುರು ಕೂತು ಹೇಳಬಹುದಿತ್ತು. ಆದರೆ ಕಾಫಿ ಲೋಟ ಹಿಡಿಯಲು ನೀನು ಪಡುವ ಪಾಡು ನೋಡಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದದ ಮೇಲಾದರೆ ನನಗೆ ಕರುಣೆ ಬರುವುದಿಲ್ಲ.

ಜೂನ್‌ನಲ್ಲಿ ನಿನ್ನ ಮಗಳು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಒಳಗೆ ನಿನ್ನ ಹಳೆಯ ಕಂಪ್ಯೂಟರ್ ಆಟದ ಕ್ಯಾಸೆಟ್. "ಅಂಕಲ್, ಅಪ್ಪನ ಬೆರಳಿಗೆ ಏನಾದ್ರೂ ಕೆಲಸ ಕೊಡಿ ಅಂದ್ರು ಡಾಕ್ಟ್ರು. ಅವ್ರಿಗೆ ಈ ಆಟ ಬಿಟ್ರೆ ಬೇರೆ ಬೇಡ್ವಂತೆ. ಅವ್ರ ಕಂಪ್ಯೂಟರಿನ ಆ ರಬ್ಬರ್ ಕೀಲಿ ಒತ್ತೋಕಾಗಲ್ಲ. ನಿಮ್ಮತ್ರ ದೊಡ್ಡ ಕೀಲಿ ಇರೋ ಹಳೇ ಕಂಪ್ಯೂಟರ್ ಇದ್ಯಲ್ಲ, ಅದಕ್ಕೆ ಮಾಡ್ಕೊಡಿ" ಎಂದಳು. ನನ್ನಾಕೆ ದಿವ್ಯ ಅವಳಿಗೆ ಒತ್ತುಶಾವಿಗೆ ಬಡಿಸಿದಳು. ನಾನು ಒಪ್ಪಿಕೊಂಡೆ. ನೀನು ಕೇಳಿದ್ದಕ್ಕೆ ಎಂದಾದರೂ ಇಲ್ಲ ಎಂದಿದ್ದೇನೆಯೇ?

ನಿನ್ನ ಸ್ಪೆಕ್ಟ್ರಮ್ ಕಂಪ್ಯೂಟರಿನ ಆಟವನ್ನು ನನ್ನ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಇಳಿಸುವುದೆಂದರೆ ಕ್ಯಾಸೆಟ್ ಬದಲಾಯಿಸಿದಷ್ಟು ಸುಲಭವಲ್ಲ. ಒಂದರ ಪ್ರೊಸೆಸರಿಗೆ ಕೊಟ್ಟ ಆಜ್ಞೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಒಂದೊಂದನ್ನೂ ಓದಿ, ಅದು ಯಾಕಿದೆ ಎಂದು ತಿಳಿದು, ಹೊಸದಾಗಿ ಬರೆಯಬೇಕು. ಕಾಲೇಜಿನ ಲ್ಯಾಬಿನಲ್ಲಿ ಸಹಾಯಕನಾಗಿ ಮೂವತ್ತು ವರ್ಷ ಸವೆಸಿದವನಿಗೆ ಅಷ್ಟು ತಾಳ್ಮೆಯಾದರೂ ಇದೆ. ಪರದೆಯ ಎರಡು ಬದಿಗೆ ಎರಡು ಹಲಗೆ, ನಡುವೆ ಪುಟಿಯುವ ಚೆಂಡು, ಅಷ್ಟೇ ತಾನೇ ಆಟ. ಗೋಡೆಗೆ ಬಡಿದಾಗಿನ ಆ ಟಕ್ ಸದ್ದು ಮೊದಲಿನಂತೆಯೇ ಬರಲಿ ಎಂದು ಮೂರು ದಿನ ಒದ್ದಾಡಿದೆ, ನಿನಗೋಸ್ಕರ.

ಎರಡನೇ ವಾರ, ಖಾಲಿ ಇರಬೇಕಾದ ಜಾಗದಲ್ಲಿ ಹದಿನಾಲ್ಕು ಆಜ್ಞೆಗಳು ಸಿಕ್ಕವು. ಎಡಗಡೆಯ ಕೀಲಿಯನ್ನು ಪ್ರತಿ ಸುತ್ತಿನಲ್ಲೂ ನೋಡು. ಬಲಗಡೆಯದನ್ನು ನಾಲ್ಕು ಸುತ್ತಿಗೊಮ್ಮೆ ಮಾತ್ರ ನೋಡು. ಅಂದರೆ ಬಲಗಡೆಯವನು ಎಷ್ಟೇ ಬೇಗ ಒತ್ತಿದರೂ ಅವನ ಹಲಗೆ ತಡವಾಗಿಯೇ ಅಲುಗುತ್ತದೆ. ಪಕ್ಕದಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ ನಿನ್ನ ಹೆಸರು, ಒಂಬತ್ತನೇ ಬಿ, ರೋಲ್ ನಂಬರ್ ಇಪ್ಪತ್ತಮೂರು. ಉತ್ತರಪತ್ರಿಕೆಗೆ ಬರೆದಂತೆ ಕಳ್ಳತನಕ್ಕೂ ಹೆಸರು ಬರೆದಿಟ್ಟವನು ನೀನೊಬ್ಬನೇ ಇರಬೇಕು ಕಣೋ. ಮೊದಲು ನಗು ಬಂತು. ಆಮೇಲೆ ನಿಂತಿತು.

ಎಡಗಡೆ ಯಾವತ್ತೂ ನಿನ್ನದು, ಅದು ಮನೆಯವರ ಕಡೆ ಎನ್ನುತ್ತಿದ್ದೆ ನೀನು. ಇಲವಾಲದಿಂದ ಸೈಕಲ್ ತುಳಿದು ಪ್ರತಿ ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದ ನನಗೆ ಬಲಗಡೆ. ಎರಡು ವರ್ಷ ಒಂದು ಭಾನುವಾರವೂ ಗೆಲ್ಲಲಿಲ್ಲ. ಬೆಂಗಳೂರಿನ ಕಂಪ್ಯೂಟರ್ ಶಿಬಿರಕ್ಕೆ ಶಾಲೆಯಿಂದ ಒಬ್ಬನನ್ನೇ ಕಳಿಸಬೇಕೆಂದಾಗ ಮಂಟಯ್ಯ ಮೇಷ್ಟ್ರು ನಿಮ್ಮ ಹಜಾರದಲ್ಲಿ ನಮ್ಮಿಬ್ಬರಿಗೂ ಅದೇ ಆಟ ಆಡಿಸಿದರು. ನಮ್ಮಪ್ಪ ಗದ್ದೆ ಕೆಲಸ ಬಿಟ್ಟು ನೋಡಲು ಬಂದಿದ್ದರು. ಹನ್ನೊಂದಕ್ಕೆ ಎರಡು, ನಾನು ಸೋತೆ. ಊರು ಹತ್ತಿರವಾದಾಗ ಅಪ್ಪ ಹೇಳಿದರು: "ನಿನ್ ಕೈ ಬಲು ನಿಧಾನ ಕಲಾ. ಇದು ನಿಂಗಲ್ಲ, ಬುಟ್ಬುಡು." ಬಿಟ್ಟೆ. ಟೈಪಿಂಗ್ ಪರೀಕ್ಷೆಗೆ ಕೂರಲಿಲ್ಲ. ಸ್ಕೂಟರ್ ಕಲಿಯಲಿಲ್ಲ, ಈ ಐವತ್ತೊಂದನೇ ವಯಸ್ಸಿನಲ್ಲೂ ಬಸ್ಸೇ. ಕೈ ನಿಧಾನ ಎಂಬುದು ನನ್ನ ಹೆಸರಿನಷ್ಟೇ ಗಟ್ಟಿಯಾಗಿ ಅಂಟಿಕೊಂಡಿತು.

ಈಗ ನಾನು ಮಾಡಿದ್ದನ್ನು ಕೇಳು. ಆ ಹದಿನಾಲ್ಕು ಆಜ್ಞೆಗಳನ್ನು ಕೈಬಿಡಲಿಲ್ಲ. ಹೊಸ ಯಂತ್ರಕ್ಕೆ ನಿಷ್ಠೆಯಿಂದ ಇಳಿಸಿದೆ, ಬದಿ ಮಾತ್ರ ಬದಲಾಯಿಸಿದೆ. ನೀನು ಎಡಗಡೆಯೇ ಕೂರುತ್ತೀಯೆಂದು ಗೊತ್ತಿತ್ತು. ಮೊದಲ ವಾರ ಹರ್ಷಿತಾ ಫೋನ್ ಮಾಡಿದಳು. "ಅಪ್ಪ ಒಂದಾಟನೂ ಗೆಲ್ತಿಲ್ಲ ಅಂಕಲ್. ನಾನ್ ಬೇಕಂತ ನಿಧಾನ ಆಡುದ್ರೂ ಸೋಲ್ತಾರೆ." ಮೊನ್ನೆ ಮತ್ತೆ ಮಾಡಿದಾಗ ಅಳುತ್ತಿದ್ದಳು. "ನನ್ ಕೈ ಸತ್ತೋಯ್ತು ಅಂತ ಊಟ ಬಿಟ್ಬುಟ್ಟಿದಾರೆ." ನಾನು ಸಮಾಧಾನ ಹೇಳಿದೆ: "ಕಾಯಿಲೆ ಅಲ್ವೇನಮ್ಮ, ಕೈ ನಿಧಾನ ಆಗುತ್ತೆ." ಹೇಳುವಾಗ ಸುಖವಾಯಿತು, ಮಹದೇವ. ಬಹಳ ಸುಖವಾಯಿತು.

ಲಕೋಟೆಯಲ್ಲಿ ಇನ್ನೊಂದು ಕ್ಯಾಸೆಟ್ ಇಟ್ಟಿದ್ದೇನೆ. ಅದರಲ್ಲಿ ಯಾವ ಬದಿಗೂ ಮೋಸವಿಲ್ಲ. ಆಡಿ ನೋಡು. ಅದರಲ್ಲೂ ಸೋತರೆ ಯಾರನ್ನೂ ದೂರಬೇಡ, ಅದು ನಿನ್ನ ಕೈಯೇ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಾತ್ರೆ ತಪ್ಪಿಸಬೇಡ. ಹರ್ಷಿತಾಳಿಗೆ ನನ್ನ ಆಶೀರ್ವಾದ. ಅವಳ ಮದುವೆಯನ್ನು ನೀನು ಕಣ್ತುಂಬ ನೋಡುವಂತಾಗಲಿ. ಇದನ್ನು ಮಾತ್ರ ಮನಸ್ಸಿನಿಂದ ಬರೆದಿದ್ದೇನೆ.

ನಿನ್ನ ಗೆಳೆಯ,
ಸುದರ್ಶನ

ಇನ್ನೊಂದು ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹದಿನೇಳು ವರ್ಷದ ಹಿಂದೆ ಇಲವಾಲದ ನಾಲೆ ಏರಿಯ ಮೇಲೆ ನಮ್ಮ ಮಗಳು ಗಗನ ಕಾಲು ಜಾರಿದಾಗ ನಾನು ಪಕ್ಕದಲ್ಲೇ ಇದ್ದೆ. ನಾಲ್ಕು ವರ್ಷದ ಮಗು. ದಿವ್ಯ ಮೂರು ದಿನ ಒಂದೇ ಪ್ರಶ್ನೆ ಕೇಳಿದಳು, "ಯಾಕೆ ಹಿಡ್ಕೊಳ್ಲಿಲ್ಲ?" ನೀನು ಬಂದು ಅವಳೆದುರು ಕೂತು ಹೇಳಿದೆ: "ಅವನ ಕೈ ಚಿಕ್ಕಂದಿನಿಂದ್ಲೂ ನಿಧಾನ ಕಣಮ್ಮ. ನಾನೇ ಕಂಡಿದೀನಿ. ಅವನ ತಪ್ಪಲ್ಲ." ಆ ಮಾತಿನ ಮೇಲೆ ಅವಳು ನನ್ನ ಜೊತೆ ಉಳಿದಳು. ನಾನೂ ಬದುಕಿದೆ.

ಮೋಸವಿಲ್ಲದ ಆಟವನ್ನು ಮೊದಲು ಆಡಿದವನು ನಾನೇ, ಕಂಪ್ಯೂಟರ್ ಕೊಡುವ ಮೊದಲು, ಲ್ಯಾಬಿನಲ್ಲಿ ಕಾಲೇಜಿನ ಹುಡುಗರ ಜೊತೆ. ಒಬ್ಬನಿಗೂ ನನ್ನನ್ನು ಸೋಲಿಸಲಾಗಲಿಲ್ಲ. ಅಂದರೆ ಗಗನ ಜಾರಿದ ದಿನ ನನ್ನ ಕೈ ನಿಧಾನವಾಗಿರಲಿಲ್ಲ. ಅದು ಮುಂದೆ ಹೋಗಿತ್ತು, ಅವಳ ಲಂಗ ಬೆರಳಿಗೆ ತಾಕಿತ್ತು. ನೀರಿನ ಸೆಳೆತ ಕಂಡು, ನಾನೂ ಹೋಗುತ್ತೇನೆಂದು ಹೆದರಿ, ಹಿಂದಕ್ಕೆ ಎಳೆದುಕೊಂಡೆ. ಇಷ್ಟು ವರ್ಷ ಇದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಆಟದಲ್ಲಿ ಏನು ಸಿಕ್ಕಿತು ಎಂದು ದಿವ್ಯ ಕೇಳುತ್ತಲೇ ಇದ್ದಾಳೆ. ಏನಿಲ್ಲ ಎಂದಿದ್ದೇನೆ. ಈ ಪತ್ರ ಓದಿ ನಿನಗೆ ಎಷ್ಟೇ ಕೋಪ ಬರಲಿ, ಅವಳು ಕೇಳಿದರೆ, ಮಹದೇವ, ಆವತ್ತು ಹೇಳಿದ್ದನ್ನೇ ಹೇಳು.