ಅಲೆಮಾರಿ ಗ್ರಹಕ್ಕೆ ಮೂವರು ಸಾಕ್ಷಿಗಳು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಚೂಟಿಗೆ,

ನಿನ್ನ ಪತ್ರ ಬಂದು ನಲವತ್ತೊಂದು ದಿನವಾಯಿತು. ಇಷ್ಟು ತಡವಾದದ್ದಕ್ಕೆ ಕೈನೋವು, ಕಣ್ಣುನೋವು ಎಂದು ಏನಾದರೂ ಬರೆಯಬಹುದಿತ್ತು. ನೀನು ನಂಬುವವಳಲ್ಲ. ನಾನು ಚೆನ್ನಾಗಿದ್ದೇನೆ ಎಂದರೂ ನಂಬುವುದಿಲ್ಲ, ಅದಕ್ಕೇ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊಣಕಾಲು ಹಟ ಮಾಡುತ್ತಿದೆ, ಹಸಿವು ಚೆನ್ನಾಗಿದೆ, ಕೆಳಗಿನ ಮನೆಯ ಟೀಚರಮ್ಮ ದಿನಕ್ಕೆರಡು ಸಲ ಬಂದು ನಾನು ಬದುಕಿದ್ದೇನೋ ಇಲ್ಲವೋ ಎಂದು ನೋಡಿ ಹೋಗುತ್ತಾರೆ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ನಿನ್ನ ಶಾಲೆಯಲ್ಲಿ ಪರೀಕ್ಷೆ ಮುಗಿಯಿತೇ? ಒಂಬತ್ತನೇ ತರಗತಿಯ ಆ ತಲೆಹರಟೆ ಗುಂಪು ವಿಜ್ಞಾನದಲ್ಲಿ ಪಾಸಾಗುವ ಹಾಗಿದೆಯೇ?

ನೋಡು, ಮಾತು ಬೇರೆ ಕಡೆ ತಿರುಗಿಸುತ್ತಿದ್ದೇನೆ. ನೀನು ಇನ್ನೂರ ಹನ್ನೆರಡು ಪುಟದ ಕರಡನ್ನು ತಿದ್ದಿ ಕಳಿಸಿದೆ. ಕೆಂಪು ಶಾಯಿಯ ಗುರುತುಗಳ ಜೊತೆ ಒಂದು ಚೀಟಿಯಲ್ಲಿ ಎರಡೇ ಸಾಲು ಇತ್ತು. "ಅಪ್ಪಾ, ಮೊದಲ ಅಧ್ಯಾಯದಲ್ಲಿರುವುದು ಅಮ್ಮನ ಕಥೆ. ನೀವು ಅದನ್ನು ಒಂದು ಸಲವೂ ಕೇಳಿರಲಿಲ್ಲವೇ?" ಅಮ್ಮನಿಗೆ ಯಾವಾಗಲೂ 'ನೀನು' ಎನ್ನುತ್ತಿದ್ದವಳು ನನಗೆ ಮಾತ್ರ 'ನೀವು' ಎನ್ನುತ್ತೀಯ. ಅದು ಮರ್ಯಾದೆಗಲ್ಲ, ದೂರಕ್ಕೆ ಎಂದು ನನಗೆ ಗೊತ್ತು.

ಉತ್ತರ ಹೇಳಿಬಿಡುತ್ತೇನೆ. ಕೇಳಿರಲಿಲ್ಲ. ಕೇಳಲು ನಾನು ಮನೆಯಲ್ಲಿರುತ್ತಿದ್ದದ್ದಾದರೂ ಯಾವಾಗ? ಹಗಲೆಲ್ಲ ನಕ್ಷೆ ಕಚೇರಿಯಲ್ಲಿ ನದಿಗಳಿಗೆ ನೀಲಿ ಗೆರೆ ಎಳೆಯುವುದು, ಸಂಜೆ ಆಯಿತೆಂದರೆ ಗ್ರಂಥಾಲಯ. ರಜೆಯಿದ್ದರೆ ಹಳೆಯ ಪುಸ್ತಕ, ಹಸ್ತಪ್ರತಿ ಹುಡುಕಿಕೊಂಡು ಊರೂರು. ಕಚೇರಿಯವರು ನನಗೆ 'ಧೂಮಕೇತು' ಎಂದು ಹೆಸರಿಟ್ಟಿದ್ದರು, ಎಷ್ಟೋ ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವವನು ಎಂದು. ನನಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ನನ್ನ ವಾದ ನಿನಗೆ ಬಾಯಿಪಾಠ, ಆದರೂ ಬರೆಯದೆ ಇರಲಾರೆ. ಬಹಳ ಹಿಂದೆ ಒಂದು ಅಲೆಮಾರಿ ಗ್ರಹ ಭೂಮಿಯ ತೀರ ಹತ್ತಿರ ಹಾದುಹೋಯಿತು. ಸಮುದ್ರ ಗೋಡೆಯಂತೆ ಎದ್ದಿತು, ಸೂರ್ಯ ಆಕಾಶದಲ್ಲಿ ನಿಂತುಬಿಟ್ಟ ಹಾಗೆ ಕಂಡ, ಬೆಂಕಿ ಸುರಿಯಿತು, ದಿನಗಟ್ಟಲೆ ಕತ್ತಲಾಯಿತು. ಬದುಕಿ ಉಳಿದವರಿಗೆ ಗ್ರಹಗತಿಯ ಲೆಕ್ಕ ತಿಳಿಯದು, ಅವರು ಕಂಡದ್ದನ್ನು ಕಥೆ ಮಾಡಿ ಹೇಳಿದರು. ಹಾಗಾಗಿ ಪ್ರಳಯದ ಒಂದೊಂದು ಪುರಾಣವೂ ಕಣ್ಣಾರೆ ಕಂಡವನ ಹೇಳಿಕೆ. ಇದನ್ನು ಸಾಬೀತು ಮಾಡಲು ಮೂವತ್ತನಾಲ್ಕು ವರ್ಷ ಕಥೆಗೊಂದರಂತೆ ಟಿಪ್ಪಣಿ ಕಾರ್ಡು ಬರೆದೆ. ಆದರೆ ಎಲ್ಲವೂ ಪುಸ್ತಕದಿಂದ ಇಳಿಸಿಕೊಂಡದ್ದು. 'ಒಬ್ಬರನ್ನು ನೋಡಿ ಒಬ್ಬರು ಬರೆದಿದ್ದಾರೆ' ಎಂದು ಯಾರಾದರೂ ಬಾಯಿ ಮುಚ್ಚಿಸಬಹುದಿತ್ತು. ಜೀವಂತ ಬಾಯಿಂದ ಬಂದ ಒಂದು ಕಥೆ ಬೇಕಿತ್ತು.

ನಿಮ್ಮಮ್ಮ ತೀರಿಕೊಂಡ ಮರುವರ್ಷ ಅದು ಸಿಕ್ಕಿತು. ಮೊದಲು ಒಬ್ಬ ಲಾರಿ ಡ್ರೈವರ್ ಹೇಳಿದ, ಆಮೇಲೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಗಸು, ಆಮೇಲೆ ಗಡಿಯಾರ ರಿಪೇರಿಯವನು. ಮೂವರ ಹುಟ್ಟೂರೂ ಒಂದಕ್ಕೊಂದು ನೂರಾರು ಮೈಲಿ ದೂರ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೂವರೂ ಹೇಳಿದ್ದು ಒಂದೇ ಕಥೆ:

ಆಕಾಶದಲ್ಲೊಬ್ಬ ಅಲೆಮಾರಿ ಇದ್ದ. ಅವನಿಗೆ ಮನೆ ಇತ್ತು, ಮನೆಗೆ ಬರುತ್ತಿರಲಿಲ್ಲ. ಅವನು ಬರುವುದು ಕಾಣುತ್ತದೇನೋ ಎಂದು ಸಮುದ್ರ ಎದ್ದು ನಿಂತಳು. ಮೂರು ದಿನ ನಿಂತಳು. ಮೂರು ದಿನವೂ ಕತ್ತಲೆ. ಎಲ್ಲಕ್ಕಿಂತ ಪುಟ್ಟ ನಕ್ಷತ್ರವೊಂದು ಅವಳ ಮಡಿಲಿಗೆ ಬಿದ್ದು ಆರಿಹೋಯಿತು. ನಾಲ್ಕನೆಯ ದಿನ ಅಲೆಮಾರಿ ಬಂದ. "ಯಾಕಿಷ್ಟು ಕತ್ತಲೆ?" ಎಂದ. ಸಮುದ್ರ ಕೂತುಬಿಟ್ಟಳು. ಅವಳು ಕೂತ ಜಾಗದಲ್ಲಿ ಊರುಗಳಿದ್ದವು.

ಇದಕ್ಕಿಂತ ಇನ್ನೇನು ಬೇಕು? ಏಳುವ ಸಮುದ್ರ, ಕತ್ತಲೆ, ಬೀಳುವ ನಕ್ಷತ್ರ, ಹತ್ತಿರ ಬಂದ ಗ್ರಹ, ಮುಳುಗಿದ ಊರು. ಮೊದಲ ಅಧ್ಯಾಯವಾಗಿ ಅದನ್ನೇ ಇಟ್ಟೆ. ಪ್ರೆಸ್ಸಿನವನು ಓದಿ, "ಸಾರ್, ಉಳಿದದ್ದು ನನ್ನ ತಲೆ ಮೇಲೆ ಹೋಯ್ತು, ಇದು ಮಾತ್ರ ಎದೆಗೆ ನಾಟ್ತು" ಎಂದ. ನಾನು ಬೀಗಿದೆ.

ನಿನ್ನ ಚೀಟಿ ಓದಿ ಮೊದಲು ಸಿಟ್ಟೇ ಬಂತು. ಆರು ವರ್ಷದ ಹುಡುಗಿ ಕೇಳಿದ್ದು ಇಷ್ಟು ನೆನಪಿರುತ್ತದೆಯೇ ಎಂದುಕೊಂಡೆ. ನಾಲ್ಕು ವಾರ ಸುಮ್ಮನೆ ಕೂತೆ. ನಿಮ್ಮಮ್ಮ ನರ್ಸ್ ಆಗಿದ್ದ ಆಸ್ಪತ್ರೆ ನೆನಪಾಗಿ, ಕೊನೆಗೆ ತಡೆಯಲಾರದೆ ಲಾರಿ ನಿಲ್ದಾಣಕ್ಕೆ ಹೋದೆ. ಡ್ರೈವರ್ ಚಕ್ರ ಬಿಚ್ಚುತ್ತ ಕೂತಿದ್ದ.

"ಏನ್ ಸಾರ್, ಬುಕ್ಕು ಬಂತಾ?" ಎಂದ.

"ಬರುತ್ತೆ. ಒಂದು ವಿಷಯ ಕೇಳ್ಬೇಕಿತ್ತು. ಚಿಕ್ಕೋರಿದ್ದಾಗ ಆಸ್ಪತ್ರೇಲಿ ಇದ್ರಾ?"

ಅವನು ಗ್ರೀಸು ಮೆತ್ತಿದ ಕೈಯಲ್ಲೇ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಉದ್ದನೆಯ ಗಾಯದ ಗುರುತು ತೋರಿಸಿದ. "ಒಂದು ತಿಂಗಳು ಮಲಗಿದ್ದೆ ಸಾರ್, ಈ ಊರಲ್ಲೇ, ಮಕ್ಕಳ ವಾರ್ಡಲ್ಲಿ. ಆ ಕಥೆ ಕೇಳಿದ್ದೂ ಅಲ್ಲೇ ಅಂತ ಈಗ ನೆನಪಾಗ್ತಿದೆ. ಒಬ್ಬರು ಸಿಸ್ಟರ್ ಇದ್ರು. ಸೂಜಿ ಚುಚ್ಚೋಕೆ ಮೊದ್ಲು ಶುರು ಮಾಡೋರು, ಮುಗಿಯೋಷ್ಟರಲ್ಲಿ ಚುಚ್ಚಿ ಆಗಿರ್ತಿತ್ತು."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ವಲ್ಲ ಸಾರ್. ನೀವು ಕೇಳಿದ್ದು ನಮ್ಮೂರು ಯಾವ್ದು, ನಮ್ಮಪ್ಪನ ಊರು ಯಾವ್ದು, ಅಲ್ಲಿಂದ ಸಮುದ್ರ ಎಷ್ಟು ದೂರ ಅಂತ." ಆಮೇಲೆ ತನ್ನಷ್ಟಕ್ಕೆ ನಕ್ಕು ಹೇಳಿದ, "ಒಂದು ತಮಾಷೆ ಅಂದ್ರೆ, ಚುಚ್ಚಿಸ್ಕೊಂಡ ನಾವು ಅಳ್ತಿರ್ಲಿಲ್ಲ. ಕಥೆ ಮುಗಿದಾಗ ಅವರ ಕಣ್ಣಲ್ಲೇ ನೀರು ಬರೋದು. ನಿಮಗೆ ಗೊತ್ತಾ ಸಾರ್ ಅವರು?"

ಗೊತ್ತು ಎಂದೆ. ನನ್ನ ಹೆಂಡತಿ ಎನ್ನಲು ನಾಲಿಗೆ ಹೊರಳಲಿಲ್ಲ.

ಮಿಕ್ಕಿಬ್ಬರನ್ನೂ ಕೇಳಿದೆ. ಅಂಚೆಯವಳಿಗೆ ಏಳನೆಯ ವಯಸ್ಸಿನಲ್ಲಿ ಕಾಮಾಲೆ ಆಗಿತ್ತು. ಗಡಿಯಾರದವನು ಕಾಲು ಮುರಿದುಕೊಂಡಿದ್ದ. ಅದೇ ಆಸ್ಪತ್ರೆ, ಅದೇ ವಾರ್ಡು. ದೊಡ್ಡ ಆಸ್ಪತ್ರೆ, ಎಲ್ಲೆಲ್ಲಿಂದಲೋ ಮಕ್ಕಳನ್ನು ಕರೆತರುತ್ತಿದ್ದರು. ನನ್ನ ಕಾರ್ಡಿನಲ್ಲಿ ಹುಟ್ಟೂರಿಗೆ ಜಾಗವಿತ್ತು, ಕಾಯಿಲೆಗೆ ಜಾಗವಿರಲಿಲ್ಲ. ಮೂರು ಸಾಕ್ಷಿ ಎಂದು ನಾನು ಎಣಿಸಿದ್ದು ಒಬ್ಬಳೇ ಹೆಂಗಸು, ನನ್ನ ಬಟ್ಟೆ ಒಗೆದು ಇಸ್ತ್ರಿ ಮಾಡಿಟ್ಟು ಡ್ಯೂಟಿಗೆ ಹೋಗುತ್ತಿದ್ದವಳು.

ನನಗೆ ಬರುವುದು ಒಂದೇ ವಿದ್ಯೆ. ಕಥೆ ಸಿಕ್ಕರೆ ಅದರ ಹಿಂದೆ ನಿಜವಾಗಿ ನಡೆದ ಅನಾಹುತ ಯಾವುದು ಎಂದು ಹುಡುಕುವುದು. ಕಳೆದ ವಾರ ನಿಮ್ಮಮ್ಮನ ಕಥೆಯನ್ನೂ ಹಾಗೇ ಓದಿದೆ. ಆಗ ಗೊತ್ತಾಯಿತು.

ನಿನಗಿಂತ ಎರಡು ವರ್ಷ ಮೊದಲು ನಿನಗೊಬ್ಬ ಅಣ್ಣ ಹುಟ್ಟಿದ್ದ. ನಿನ್ನ ದೊಡ್ಡಮ್ಮ ಎಂದಾದರೂ ಬಾಯಿ ಬಿಟ್ಟಿದ್ದಾರೋ ಏನೋ, ನಾವಿಬ್ಬರೂ ನಿನಗೆ ಹೇಳಲಿಲ್ಲ. ಅವನು ಹನ್ನೊಂದು ದಿನ ಇದ್ದ. ಒಂಬತ್ತನೆಯ ದಿನ ನಾನು ಒಂದು ಹಳೆಯ ಹಸ್ತಪ್ರತಿ ನೋಡಲು ದೂರದ ಊರಿಗೆ ಹೋದೆ. ಅದರಲ್ಲಿ ಪ್ರಳಯದ ವರ್ಣನೆ ಇದೆ ಎಂದು ಯಾರೋ ಹೇಳಿದ್ದರು. ಉಳಿಯುವ ಜಾಗದ ವಿಳಾಸ ಕೊಟ್ಟಿರಲಿಲ್ಲ, ಹೋಗಿ ನೋಡಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿದ್ದೆ. ಮಗುವಿಗೆ ಜ್ವರ ಬಂತು. ಎರಡು ದಿನದಲ್ಲಿ ಹೋಗಿಬಿಟ್ಟಿತು. ಅವಳ ಜೊತೆ ಕೆಲಸ ಮಾಡುವ ಸಿಸ್ಟರುಗಳೇ ಮಣ್ಣು ಮಾಡಿ ಬಂದರು. ಅವಳು ಕಿಟಕಿ ಮುಚ್ಚಿ ಆ ಕೋಣೆಯಲ್ಲಿ ಮೂರು ದಿನ ಕೂತಳಂತೆ. ಆಮೇಲೆ ನಾನು ಬಂದೆ. ಮಟಮಟ ಮಧ್ಯಾಹ್ನ. ಚೀಲ ಇಳಿಸುತ್ತ, "ಯಾಕಿಷ್ಟು ಕತ್ತಲೆ, ಕಿಟಕಿ ತೆಗೀಬಾರ್ದಾ?" ಎಂದೆ.

ನಾನೇ ಹೋಗಿ ಕಿಟಕಿ ತೆಗೆದೆ. ತೆಗೆದ ಮೇಲೆ ತೊಟ್ಟಿಲು ಕಂಡಿತು.

ಚೂಟಿ, ಸಂಕಟವಾಗುತ್ತದೆ. ಇದಕ್ಕಿಂತ ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ. ಮೊನ್ನೆ ಪ್ರೆಸ್ಸಿಗೆ ಹೋಗಿ ಪುಸ್ತಕ ಬೇಡ ಎಂದೆ. "ಮೊದಲ ಅಧ್ಯಾಯ ಬೇಡ ಅಂದ್ರೆ ತೆಗೆಯೋಣ ಸಾರ್, ಪೂರ್ತಿ ಯಾಕೆ?" ಎಂದು ಅವನು ಗೋಗರೆದ. ಅದನ್ನು ತೆಗೆದರೆ ಮಿಕ್ಕದ್ದಕ್ಕೆ ಬೆನ್ನೆಲುಬಿಲ್ಲ ಎಂದೆ. ಗ್ರಹ ಬಂದಿತ್ತೋ ಇಲ್ಲವೋ, ಇನ್ನು ಯಾರಾದರೂ ಬೇರೆಯವರು ಹುಡುಕಲಿ. ಕಾರ್ಡುಗಳ ಪೆಟ್ಟಿಗೆಗಳನ್ನು ಟೀಚರಮ್ಮನ ಶಾಲೆಗೆ ಕೊಟ್ಟೆ. ಹಿಂಬದಿ ಖಾಲಿ ಇದೆ, ಮಕ್ಕಳು ಚಿತ್ರ ಬರೆದುಕೊಳ್ಳುತ್ತವೆ.

ಬೇಸಿಗೆ ರಜೆಗೆ ಬಾ ಎಂದು ಕರೆಯುವ ಧೈರ್ಯವಿಲ್ಲ. ಬಂದರೆ ನಿನ್ನ ಕೋಣೆ ಗುಡಿಸಿ ಇಟ್ಟಿರುತ್ತೇನೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿನ್ನ ಮಗಳು ಕಥೆ ಹೇಳು ಎಂದು ಪೀಡಿಸಿದರೆ ಕೈಲಿದ್ದ ಕೆಲಸ ಪಕ್ಕಕ್ಕಿಟ್ಟು ಹೇಳು. ಅವಳೂ ನೀನೂ ಸುಖವಾಗಿರಿ, ನನ್ನ ಆಯುಷ್ಯದಲ್ಲಿ ಉಳಿದದ್ದೆಲ್ಲ ನಿಮಗೇ ಇರಲಿ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಲಕೋಟೆಗೆ ಹಾಕಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲೆ ನಿನಗೆ ಸುಳ್ಳು ಬರೆದಿದ್ದೇನೆ. ಆ ಕಥೆ ನಾನು ಕೇಳಿದ್ದೆ. ಒಂದೇ ಸಲ, ಪೂರ್ತಿ. ಕಳೆದ ವಾರ ಅರ್ಥವಾಯಿತು ಎಂದದ್ದೂ ಸುಳ್ಳು, ಅಂದೇ ಅರ್ಥವಾಗಿತ್ತು. ಕನ್ನಡಕ ಮರೆತು ಮಧ್ಯಾಹ್ನ ಮನೆಗೆ ಬಂದಿದ್ದೆ. ಅವಳು ನಿನ್ನ ತಲೆ ಬಾಚುತ್ತ ಹೇಳುತ್ತಿದ್ದಳು, ನೀನು ತೂಕಡಿಸುತ್ತಿದ್ದೆ. ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿ ಒಳಗೆ ಬಂದು, "ಮಗು ತಲೆಗೆ ಇಲ್ಲದ್ದೆಲ್ಲ ತುಂಬಬೇಡ. ಈ ಮನೇಲಿ ಇನ್ನು ಆ ಕಥೆ ಬೇಡ" ಎಂದೆ. "ಆಯ್ತು" ಎಂದಳು. ಮನೆಯಲ್ಲಿ ಹೇಳುವ ಹಾಗಿಲ್ಲ ಎಂದಾದ ಮೇಲೆ ವಾರ್ಡಿನ ಮಕ್ಕಳಿಗೆ ಹೇಳಿಕೊಂಡಿದ್ದಾಳೆ. ಅವಳು ಹೋದ ಮೇಲೆ ಆ ಡ್ರೈವರ್ ಬಾಯಲ್ಲಿ ಅದೇ ಕಥೆ ಕೇಳಿದಾಗ ನನಗೆ ಎಷ್ಟು ಹಗುರವಾಯಿತು ಗೊತ್ತಾ? ಅದು ಅವಳು ಕಟ್ಟಿದ್ದಲ್ಲ, ಎಲ್ಲೋ ಕೇಳಿದ ಹಳೆಯ ಕಥೆ, ನಾಲ್ಕನೆಯ ದಿನ ಬಂದವನು ನಾನಲ್ಲ, ಯಾವುದೋ ಗ್ರಹ ಎಂದು ಕುಣಿದಾಡುವಷ್ಟು ಸಂತೋಷವಾಯಿತು. ಅವಳಿಗೆ ಅಂತ ಇದ್ದದ್ದು ಅದೊಂದೇ ಕಥೆ. ಅದನ್ನೂ ಅವಳದ್ದಲ್ಲ ಎನ್ನಿಸಲು ನಾನು ಮೂರು ಜನ ಸಾಕ್ಷಿ ಹುಡುಕಿದೆ.