ಏಳನೇ ಮೆಟ್ಟಿಲ ಗೋಡೆ

ಮಾರ್ಚ್ 3

ಹನ್ನೊಂದು ಬುಟ್ಟಿ ಮಣ್ಣು ಹೊತ್ತೆ. ಮಳೆ ಕೆಳಗೆ ತಂದದ್ದನ್ನು ಬೆನ್ನ ಮೇಲೆ ವಾಪಸ್ ಮೇಲಕ್ಕೆ. ಅಜ್ಜಿ ಹೊತ್ತಳು, ಅಮ್ಮ ಹೊತ್ತಳು. ಇಟಲಿಯ ವಾಲ್ತೆಲ್ಲಿನ ಕಣಿವೆಯ ಈ ಗುಡ್ಡಕ್ಕೆ ದೇವರು ಕೊಟ್ಟದ್ದು ಬಂಡೆ ಮಾತ್ರ. ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲು ತೋಟ, ಅದರ ಮಣ್ಣು ನಮ್ಮದು. ಎಪ್ಪತ್ತೊಂದು ವಯಸ್ಸು. ಮೊಣಕಾಲು ನೋವು—ಯಾರಿಗೂ ಹೇಳಿಲ್ಲ.

ಬಿಸಿಲೂರಿನವರು ಜಾಮ್‌ನಂಥ ವೈನ್ ಮಾಡಿಕೊಳ್ಳಲಿ. ನಮ್ಮ ದ್ರಾಕ್ಷಿ ಚಳಿಯಲ್ಲಿ ನಿಧಾನ ಮಾಗುತ್ತದೆ. ತೆಳು ಕೆಂಪು. ಲೋಟದಾಚೆ ಬೆರಳು ಕಾಣಬೇಕು.

ಮಾರ್ಚ್ 9

ಐದು ದಿನ ಬಿಡದ ಮಳೆ. ಏಳನೇ ಮೆಟ್ಟಿಲ ಗೋಡೆ ಬಿತ್ತು. ಅಮ್ಮ ನೆಟ್ಟ ದ್ರಾಕ್ಷಿ ಬಳ್ಳಿಗಳ ಬೇರು ಗಾಳಿಯಲ್ಲಿ. ಇನ್ನೊಂದು ದೊಡ್ಡ ಮಳೆ ಬಂದರೆ ಅವೂ ಇಲ್ಲ.

ಮಗ ಇವಾನೊ ಸೊಂದ್ರಿಯೊ ಪಟ್ಟಣದಿಂದ ಇಂಜಿನಿಯರನ್ನು ಕರೆತಂದ.

"ಕಾಂಕ್ರೀಟ್ ಹಾಕಿಬಿಡಿ ಸಿನ್ಯೋರಾ. ಹತ್ತು ದಿನದ ಕೆಲಸ."

"ನಿಮ್ಮನೆಗೆ ಹಾಕ್ಕೊಳ್ಳಿ. ಇಲ್ಲಿ ಬರೀ ಕಲ್ಲು. ನೀರಿಗೆ ದಾರಿ ಬೇಕು," ಅಂದೆ.

"ಬಿದ್ದಿದ್ದೂ ಬರೀ ಕಲ್ಲೇ ಅಲ್ವಾಮ್ಮ?" ಅಂದ ಇವಾನೊ.

ಉತ್ತರ ಇತ್ತು. ಬೇರಿಗೆ ಗೋಣಿ ಹೊದಿಸಲು ಹೊರಟೆ.

ಮಾರ್ಚ್ 10

ನಮ್ಮ ಗೋಡೆಗಳಿಗೆ ಮುಂದಿನ ಕಲ್ಲು ಜೋಡಿಸುತ್ತಿದ್ದದ್ದು ನಾನು, ಹಿಂದೆ ಸಣ್ಣ ಕಲ್ಲು ತುಂಬುತ್ತಿದ್ದದ್ದು ತೀರಿಹೋದ ನಮ್ಮವರು, ಪ್ರಿಮೊ. ಊರಿಗೇ ಗೊತ್ತು. ಊರಿಗೆ ಗೊತ್ತಿಲ್ಲದ್ದು... ಏಳನೇ ಗೋಡೆ ಹೊಸದಾಗಿ ಕಟ್ಟಿದ ವರ್ಷ ಅವರು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದರು. ಇವಾನೊ ಹೊಟ್ಟೆಯಲ್ಲಿ. ಕೊಯ್ಲಿಗೆ ಎಂಟೇ ದಿನ. ಹಿಂದೆ ಸಿಮೆಂಟ್ ಸುರಿದು, ಮುಂದೆ ಕಲ್ಲು ಜೋಡಿಸಿದೆ. ಎಲ್ಲರೂ ಬಂದು ಹೊಗಳಿದರು. ಮೂವತ್ತೊಂಬತ್ತು ವರ್ಷ ಹೊಗಳಿಸಿಕೊಂಡೆ.

ನೀರು ಒಳಗೇ ನಿಂತು ನೂಕಿದೆ. ಅಷ್ಟೇ.

ಮಾರ್ಚ್ 14

ಸೊಸೆ ನೊಯೆಮಿ ಬಿದ್ದ ಕಲ್ಲು ವಿಂಗಡಿಸುತ್ತಿದ್ದಾಳೆ. ಭತ್ತದ ಬಯಲಿನ ಹುಡುಗಿ. ಇವಳಿಗೆ ಗುಡ್ಡ ಹತ್ತಲೂ ಬರುವುದಿಲ್ಲ ಅಂದಿದ್ದೆ. ಚಳಿಗಾಲವೆಲ್ಲ ಮುದುಕ ದೆಲ್ಫೀನೊ ಹತ್ತಿರ ಗೋಡೆ ಕಟ್ಟಲು ಕಲಿತಳಂತೆ. ನನಗೆ ಹೇಳದೆ.

ಮಧ್ಯಾಹ್ನ ಒಂದು ಗಟ್ಟಿ ತಂದು ಊಟದ ಮೇಜಿನ ಮೇಲಿಟ್ಟಳು. ಸಿಮೆಂಟ್.

ಇವಾನೊ ತಿರುಗಿಸಿ ನೋಡಿದ. "ಅಪ್ಪನ ಕೆಲಸಾನಾ? ಸಿಮೆಂಟ್ ಚೀಲ ಕಂಡ್ರೆ ಉಗೀತಿದ್ದ ಮನುಷ್ಯ... ನೋಡು, ಇದಿದ್ದಿದ್ದಕ್ಕೇ ಇಷ್ಟು ವರ್ಷ ನಿಂತಿತ್ತು."

"ಇದಿದ್ದಿದ್ದಕ್ಕೇ ಬಿದ್ದಿದ್ದು," ಅಂದಳು ನೊಯೆಮಿ.

"ಮೂರು ತಿಂಗಳಲ್ಲಿ ಮೇಸ್ತ್ರಿ ಆಗ್ಬಿಟ್ಯಾ? ಅಮ್ಮನ್ನ ಕೇಳು."

ಇಬ್ಬರೂ ನನ್ನ ಕಡೆ ನೋಡಿದರು. ಜೋಳದ ಹಿಟ್ಟಿನ ಪೊಲೆಂಟಾ ಕಲಕುತ್ತಿದ್ದೆ. ಕಲಕುತ್ತಲೇ ಇದ್ದೆ.

ಇಪ್ಪತ್ತಕ್ಕೆ, ಸೋಮವಾರ, ಕಾಂಕ್ರೀಟ್ ಬರುತ್ತದೆ ಅಂದು ಎದ್ದು ಹೋದ.

ಮಾರ್ಚ್ 17

ಎರಡು ದಿನ ಬರೆಯಲಿಲ್ಲ. ನನ್ನ ತಪ್ಪನ್ನು ಸತ್ತವರ ತಲೆಗೆ ಕಟ್ಟಿದೆ.

ಅವರಿಗೆ ಗೊತ್ತಿತ್ತೇನೋ. ಏಳನೇ ಮೆಟ್ಟಿಲಿಗೆ ಬಂದಾಗಲೆಲ್ಲ ಗೋಡೆ ಬಿಟ್ಟು ಆಕಾಶ ನೋಡುತ್ತಿದ್ದರು.

ಮಾರ್ಚ್ 19, ಸಂಜೆ

ಸಂತ ಜೋಸೆಫರ ದಿನ. ಅಪ್ಪಂದಿರ ಹಬ್ಬ. ಪ್ರತಿ ವರ್ಷ ಅಪ್ಪನ ಸಮಾಧಿಗೆ ಹೂವಿಟ್ಟು ಬರುತ್ತಿದ್ದ ಇವಾನೊ ಈ ಸಲ ಹೋಗಲಿಲ್ಲ. ಹೂವು ಬಕೆಟ್ಟಿನಲ್ಲೇ ಇದೆ.

ಮೇಲೆ ಹತ್ತಿ ಹೋದೆ. ನೊಯೆಮಿ ಯಾರನ್ನೂ ಕೇಳದೆ ಸೊಂಟದೆತ್ತರ ಕಟ್ಟಿದ್ದಾಳೆ. ಒಂದೊಂದು ಕಲ್ಲನ್ನೂ ಅಂಗೈಯಲ್ಲಿ ನೂಕಿದೆ. ಒಂದೂ ಅಲುಗಲಿಲ್ಲ. ನನ್ನ ಗೋಡೆಗಿಂತ ಚೆನ್ನಾಗಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದೆ.

"ಹಿಂದೆ ಏನು ತುಂಬಿದೀಯ?"

"ಬರೀ ಕಲ್ಲು ಅತ್ತೆ. ಬೇಕಿದ್ರೆ ಬಿಚ್ಚಿ ತೋರಿಸ್ತೀನಿ."

"ಬಿಚ್ಚಬೇಡ."

ಅವಳು ಕಲ್ಲು ಒರೆಸುತ್ತಾ ಮೆಲ್ಲಗೆ ಅಂದಳು, "ಆ ಸಿಮೆಂಟಿನ ಮೇಲೆ ಬೆರಳಿನ ಗುರುತಿತ್ತು ಅತ್ತೆ. ಸಣ್ಣ ಬೆರಳು. ಇವರು ಗಮನಿಸಲಿಲ್ಲ, ನಾನೂ ತೋರಿಸಿಲ್ಲ."

"ಬಾಯಿ ಜಾಸ್ತಿ ನಿಂಗೆ," ಅಂದೆ. "ಕೆಳಗೆ ಬಾ, ಊಟಕ್ಕೆ."

ಏಳನೇ ಮೆಟ್ಟಿಲ ಹಳೆ ವೈನ್ ಬಾಟಲಿ ತೆಗೆದಿದ್ದೇನೆ. ಮೂರು ಲೋಟ. ನಡುವೆ ಆ ಗಟ್ಟಿ, ಬೆರಳಿನ ಗುರುತು ಮೇಲೆ ಮಾಡಿ. ತಲೆ ತಗ್ಗಿಸಿ ಹೇಳುವುದಿಲ್ಲ. ಮೊದಲು ನಾನು ಮಾಡಿದ್ದನ್ನು ಹೇಳುವುದು, ಆಮೇಲೆ ಕಾಂಕ್ರೀಟಿನವನಿಗೆ ಬೇಡ ಅಂತ ಫೋನ್, ಆಮೇಲೆ ಇವಾನೊ ಹೂವು ತೆಗೆದುಕೊಂಡು ಹೋಗಲಿ, ಕತ್ತಲಾಗುವ ಮುಂಚೆ. ಆಮೇಲೆ ನನ್ನ ಸೊಸೆಯ ಗೋಡೆಗೆ ಒಂದು ಲೋಟ.

ಬೂಟಿನ ಸದ್ದು. ಬಂದ. ಬೆರಳು ಯಾರದು ಅಂತ ಅವನೇ ಕೇಳಲಿ. ನನ್ನದು ಅನ್ನುತ್ತೇನೆ.