ಗೋಡೆಗೆ ಅಂಟಿಸಿದ ನೋಟಿಸು

ಅಮ್ಮ,

ಇವತ್ತು ಚರ್ಚಿನ ಮತಗಟ್ಟೆಯಲ್ಲಿ ಚುನಾವಣಾ ಕೆಲಸದಲ್ಲಿದ್ದ ನಾನೇ ನೋಟಿಸು ಅಂಟಿಸಿದೆ: ದೇಶದ ಅಧ್ಯಕ್ಷ ಸ್ಥಾನದ ಒಬ್ಬ ಅಭ್ಯರ್ಥಿ ಅನರ್ಹನೆಂದು ನಮ್ಮ ರಾಜ್ಯದ ಕೋರ್ಟು ಹೇಳಿದೆ, ಅವನಿಗೆ ಹಾಕಿದ ವೋಟು ಎಣಿಸುವುದಿಲ್ಲ. ಮಧ್ಯಾಹ್ನ ಫೋನ್ ಬಂತು. ರಾಜ್ಯದ ಕೋರ್ಟಿಗೆ ಅಷ್ಟು ಅಧಿಕಾರವಿಲ್ಲ ಎಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಹೇಳಿತಂತೆ. ನೋಟಿಸು ಕಿತ್ತೆ. ಅಷ್ಟರಲ್ಲಿ ನಿನ್ನ ಗೆಳತಿ ವರ್ನಾ ವಾಪಸು ಬಂದರು.

"ನಿನ್ನ ಕಾಗದ ನೋಡಿ ಬೆಳಿಗ್ಗೆ ಬೇರೆಯವನಿಗೆ ಹಾಕಿದ್ನಲ್ಲೇ! ನನ್ನ ವೋಟು ವಾಪಸ್ ಕೊಡು."

"ಹಾಕಿದ್ದು ಹಾಕಿದ ಹಾಗೇ, ಆಂಟಿ."

"ಹಾಗಾದ್ರೆ ಬೆಳಿಗ್ಗೆ ಆ ಕೋರ್ಟಿಗೆ ಅಧಿಕಾರ ಇತ್ತೋ, ಇರಲೇ ಇಲ್ವೋ?"

ಆಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮನೆ ಬಿಟ್ಟುಹೋದ ಅಣ್ಣ ವೆಂಡೆಲ್‌ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದೆಂದು ನೀನು ಹೇಳಿದ್ದೆ. ನೀನು ತೀರಿಕೊಂಡ ಮೇಲೂ ನಾವು ಎತ್ತಿರಲಿಲ್ಲ. ಸಂಜೆ ಅಡಿಗೆಮನೆಯಲ್ಲಿ ನಿಂತು ಒಮ್ಮೆ ಜೋರಾಗಿ ಆ ಹೆಸರು ಹೇಳಿ ನೋಡಿದೆ.

ಒಳಗಿಂದ ಅಪ್ಪ ಕೇಳಿದರು: "ಬಂದ್ನಾ?"